ನೆಲದೊಳಗಿನ ನಾಣ್ಯ ಮತ್ತು ಅಚೌರ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಅತಿ ಸುಲಭವಾದ ವ್ರತವೆಂಬ ಭಾವನೆ ಸಮಾಜದಲ್ಲಿ ರೂಢವಾಗಿದೆ. ಗೃಹಸ್ಥನಾದವನು ಯಾರ ಮನೆಗೂ ಕನ್ನ ಹಾಕುವುದಿಲ್ಲ, ಯಾರ ಗಂಟಿಗೂ ಕೈಯಿಕ್ಕುವುದಿಲ್ಲ. ಅಲ್ಲಿಗೆ ವ್ರತಪಾಲನೆಯಾಯಿತೆಂಬ ಸಮಾಧಾನ. ಆಚಾರ್ಯರ ಅಳತೆ ಇದಕ್ಕಿಂತ ಸೂಕ್ಷ್ಮವಾದುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅದತ್ತಾದಾನವನ್ನೇ, ಅಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದನ್ನೇ, ಸ್ತೇಯವೆಂದು ಕರೆದರು. ಕಳೆದುಕೊಂಡವನು ಯಾರು, ಅವನಿಗೆಷ್ಟು ನಷ್ಟವಾಯಿತು ಎಂಬ ಪ್ರಶ್ನೆ ಅಲ್ಲಿ ಮೊದಲು ಏಳುವುದಿಲ್ಲ. ಕೊಟ್ಟವರು ಯಾರು ಎಂಬುದೇ ಮೊದಲ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದನ್ನು ಇನ್ನೂ ಬಿಡಿಸಿ, ಪರರ ವಸ್ತುವು ಇರಿಸಿದ್ದಾಗಲಿ, ಬಿದ್ದದ್ದಾಗಲಿ, ಮರೆತುಹೋದದ್ದಾಗಲಿ, ಕೊಡದಿರುವಾಗ ಅದನ್ನು ತಾನು ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೆ ಕೊಡಲೂಬಾರದು ಎಂದು ವಿಧಿಸಿದ್ದಾರೆ. ನೆಲದೊಳಗಿರುವ ಹಳೆಯ ನಾಣ್ಯಗಳ ಸ್ಥಿತಿಯೂ ಈ ಮೂರೇ. ಕೆಲವನ್ನು ಯಾರೋ ಹೂತಿಟ್ಟರು, ಕೆಲವು ಜಾರಿ ಬಿದ್ದವು, ಕೆಲವನ್ನು ಇಟ್ಟವರೇ ಮರೆತರು.

ಲೋಹಶೋಧಕ ಯಂತ್ರವು ಸಾಮಾನ್ಯ ಜನರ ಕೈಗೂ ಬಂದಿರುವ ಈ ಕಾಲದಲ್ಲಿ ಈ ವಿಧಿಯನ್ನು ಮತ್ತೊಮ್ಮೆ ವಿಚಾರಿಸಬೇಕಾಗಿದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನೆಲದಲ್ಲಿ ಈ ವಿಚಾರಕ್ಕೆ ವಿಶೇಷವಾದ ಅರ್ಥವಿದೆ. ಕಪಿಲೆ ಕಾವೇರಿಯನ್ನು ಕೂಡುವ ನರಸೀಪುರದಲ್ಲಿ ನವಶಿಲಾಯುಗದ ನೆಲೆಯೊಂದು 1960ರ ದಶಕದ ಉತ್ಖನನಗಳಲ್ಲಿ ಬೆಳಕಿಗೆ ಬಂದಿತು. ಅದೇ ತಾಲ್ಲೂಕಿನ ತಲಕಾಡು, ಜಿನಧರ್ಮಕ್ಕೆ ಆಶ್ರಯವಿತ್ತ ಗಂಗರ ರಾಜಧಾನಿ. ಇಂದು ಮರಳಿನ ದಿಬ್ಬಗಳ ಊರು. ಸರ್ವಾರ್ಥಸಿದ್ಧಿಯನ್ನು ಬರೆದ ಪೂಜ್ಯಪಾದರನ್ನು ಸಂಪ್ರದಾಯವು ಗಂಗನಾಡಿನವರೆಂದೇ ಸ್ಮರಿಸುತ್ತದೆ. ಆನೆಯ ಮುದ್ರೆಯುಳ್ಳ, ಗಂಗರವೆಂದು ಹೇಳಲಾಗುವ ಚಿನ್ನದ ನಾಣ್ಯಗಳು, ಹೊಯ್ಸಳರ ಗದ್ಯಾಣಗಳು, ಕಂಠೀರವ ನರಸರಾಜ ಒಡೆಯರ ಪುಟ್ಟ ಕಂಠೀರಾಯಿ ಹಣ, ಟಿಪ್ಪುವಿನ ಆನೆಯ ಕಾಸು, ಇವೆಲ್ಲ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಕೈಯಿಂದ ಕೈಗೆ ನಡೆದಾಡಿದವುಗಳೇ.

ಯಂತ್ರದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಯುವುದು ಒಳ್ಳೆಯದು; ನೀತಿಯ ಪ್ರಶ್ನೆ ಅಲ್ಲಿಯೇ ಅಡಗಿದೆ. ಕೋಲಿನ ತುದಿಯಲ್ಲಿರುವ ತಂತಿಯ ಸುರುಳಿಯು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಕಳುಹಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ತು ಸುಳಿದು ಮರುದನಿಯೊಂದು ಹಿಂದಿರುಗುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ನೆಲವೇ ದನಿಗೊಡುತ್ತದೆ. ಆದುದರಿಂದ ಮೊದಲು ಸುರುಳಿಯನ್ನು ಮೇಲೆ ಕೆಳಗೆ ಆಡಿಸಿ, ಮಣ್ಣಿನ ದನಿ ಅಡಗುವಂತೆ ಯಂತ್ರವನ್ನು ಹದಗೊಳಿಸಬೇಕು. ಇದನ್ನು ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಹೊಸಬನು ಸೂಕ್ಷ್ಮತೆಯ ತಿರುಪನ್ನು ತುದಿಗೇರಿಸುತ್ತಾನೆ. ಆಗ ಕೆಂಪು ಹೊಲದಲ್ಲಿ ಯಂತ್ರವು ಎಡೆಬಿಡದೆ ಕಿರುಚುತ್ತದೆ. ಅನುಭವಿಯು ಅದನ್ನು ತಗ್ಗಿಸುತ್ತಾನೆ, ತಗ್ಗಿಸಿದಷ್ಟೂ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನಾಣ್ಯದಷ್ಟು ಚಿಕ್ಕ ವಸ್ತು ಸಾಮಾನ್ಯವಾಗಿ ಒಂದು ಗೇಣು, ಬಹಳವಾದರೆ ಒಂದೂವರೆ ಗೇಣಿನ ಆಳದವರೆಗೆ ಮಾತ್ರ ತಿಳಿದುಬರುತ್ತದೆ.

ಮೂರನೆಯ ತಿರುಪು ಡಿಸ್ಕ್ರಿಮಿನೇಷನ್, ಅಂದರೆ ವಿಂಗಡಣೆ. ಕಬ್ಬಿಣದ ಮೊಳೆಗೆ ಒಂದು ದನಿ, ತಗಡಿನ ಕಾಗದಕ್ಕೆ ಒಂದು, ಬೆಳ್ಳಿ ತಾಮ್ರಗಳಿಗೆ ಮತ್ತೊಂದು. ಬೇಡವಾದುದನ್ನು ಯಂತ್ರವು ಕೇಳಿಯೂ ಕೇಳದಂತೆ ಮಾಡುವುದು ಈ ತಿರುಪಿನ ಕೆಲಸ. ಇದರಲ್ಲೊಂದು ತಮಾಷೆಯಿದೆ. ಅರ್ಧ ಗ್ರಾಮಿಗೂ ಕಡಿಮೆ ತೂಗುವ ಕಂಠೀರಾಯಿ ಹಣದಂಥ ತೆಳುವಾದ ಚಿನ್ನದ ದನಿಯು ಸಿಗರೇಟು ಪೊಟ್ಟಣದ ತಗಡಿನ ಕಾಗದದ ದನಿಗೆ ಬಹು ಸಮೀಪವಾದುದು. ಕಸವೆಂದು ತಗಡನ್ನು ತಳ್ಳಿದವನು ಚಿನ್ನವನ್ನೂ ತಳ್ಳುತ್ತಾನೆ. ಚಿನ್ನ ಬೇಕೆಂದವನು ಊರಿನ ಕಸವನ್ನೆಲ್ಲ ಅಗೆಯುತ್ತಾನೆ. ಹೀಗೆ ಅಗೆದು ಬಿಡುವ ಗುಂಡಿಗಳ ವಿಷಯದಲ್ಲಿ ಶ್ರಾವಕಾಚಾರವು ಮೌನವಾಗಿಲ್ಲ. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದನ್ನು ಅದು ಪ್ರಮಾದಚರ್ಯೆಯೆಂದು ಹೆಸರಿಸಿ ಅನರ್ಥದಂಡದಲ್ಲಿ ಸೇರಿಸಿದೆ; ಪೃಥ್ವೀಕಾಯಿಕ ಜೀವಗಳ ಮಾತನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ.

ಹೊಲ ಉಳುವಾಗ ನೇಗಿಲಿಗೆ ಕುಡಿಕೆ ತಾಗಿದ ರೈತನಿಗೂ ಯಂತ್ರ ಹಿಡಿದು ನಡೆಯುವವನಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಸ್ತೇಯಕ್ಕೆ ಪ್ರಮತ್ತಯೋಗ, ಅಂದರೆ ಕಷಾಯದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿ, ಬೇಕೆಂಬುದು ವ್ಯಾಖ್ಯಾನಕಾರರ ಮತ. ಭಿಕ್ಷೆಗಾಗಿ ಹೊರಟ ಮುನಿಯು ಬೀದಿಯಲ್ಲಿ ನಡೆಯುತ್ತಾನೆ, ಊರಬಾಗಿಲನ್ನು ಹೊಗುತ್ತಾನೆ. ಅದನ್ನೂ ಯಾರೂ ಕೊಟ್ಟಿಲ್ಲವಲ್ಲ ಎಂಬ ಆಕ್ಷೇಪವನ್ನು ಪೂಜ್ಯಪಾದರು ತಾವೇ ಎತ್ತಿ, ಅವು ಎಲ್ಲರಿಗಾಗಿ ತೆರೆದವುಗಳು, ಮುಚ್ಚಿದ ಬಾಗಿಲನ್ನು ಮುನಿಯು ಹೊಗುವುದಿಲ್ಲ ಎಂದು ಉತ್ತರಿಸಿದ್ದಾರೆ. ರೈತನ ಪಾಲಿಗೆ ಕುಡಿಕೆ ಎದುರಾದುದು ಅಕಸ್ಮಾತ್ತು. ಅವನ ಪರೀಕ್ಷೆ ಆ ಗಳಿಗೆಯಿಂದ ಮುಂದೆ. ಯಂತ್ರ ಹಿಡಿದವನಾದರೋ ಮನೆಯಲ್ಲಿ ಕುಳಿತು ತಿರುಪುಗಳನ್ನು ಹದಗೊಳಿಸುವಾಗಲೇ ತನಗೆ ಬೇಕಾದುದೇನು, ಬೇಡವಾದುದೇನು ಎಂದು ನಿಶ್ಚಯಿಸಿಕೊಂಡಿದ್ದಾನೆ. ಅವನ ಮನಸ್ಸು ಮುಚ್ಚಿದ ಬಾಗಿಲ ಮುಂದೆ ನಿಂತು ಕಿವಿಗೊಟ್ಟಿದೆ.

ಒಡೆಯನಿಲ್ಲದ ವಸ್ತುವಿಗೆ ಕೊಡುವವರೆಲ್ಲಿ, ಕಳ್ಳತನವೆಲ್ಲಿ ಎಂಬುದು ಸಾಮಾನ್ಯವಾದ ಸಮರ್ಥನೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವಾದವನ್ನೇ ಎದುರಿಗಿಟ್ಟುಕೊಂಡು, ಒಡೆಯನಿಲ್ಲವೆಂದು ನಿಧಿಯನ್ನು ತೆಗೆದುಕೊಳ್ಳುವಂತಿಲ್ಲ, ಅಂಥ ಧನಕ್ಕೆ ರಾಜನೇ ವಾರಸುದಾರನೆಂದು ತೀರ್ಮಾನಿಸಿದ್ದಾರೆ. ಇಂದು ರಾಜನ ಸ್ಥಾನದಲ್ಲಿ ಸರ್ಕಾರವಿದೆ. 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದವನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ಆದ ನಿಧಿ ಕಾಯಿದೆ ಬಂದಿತು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವು ಪ್ರಾಚ್ಯವಸ್ತು; ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ.

ಕಾನೂನಿನ ಮಾತು ಅಲ್ಲಿಗಿರಲಿ. ನಾಣ್ಯವನ್ನು ಕಿತ್ತಾಗ ಅದರೊಡನೆ ಹೋಗುವ ಇನ್ನೊಂದು ವಸ್ತುವಿದೆ, ಅದು ಸಾಕ್ಷ್ಯ. 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ವ್ಹೀಲರ್ ನಡೆಸಿದ ಉತ್ಖನನದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯ ದೊರೆಯಿತು. ಅದು ಇದ್ದ ಪದರದಲ್ಲೇ ದೊರೆತುದರಿಂದ ಸುತ್ತಲಿನ ಮಡಕೆ ಚೂರುಗಳ ಕಾಲವನ್ನೂ ಗೊತ್ತುಮಾಡಲು ಸಹಾಯವಾಯಿತು. ಅದೇ ನಾಣ್ಯ ಅಂಗಡಿಯ ತಕ್ಕಡಿಗೆ ಬಂದಿದ್ದರೆ ಕೆಲವು ಗ್ರಾಮು ಬೆಳ್ಳಿ, ಅಷ್ಟೆ. ವಿಂಗಡಣೆಯ ತಿರುಪು ತಳ್ಳಿಹಾಕುವ ಕಬ್ಬಿಣದ ಮೊಳೆ, ಬಾಣದ ಮೊನೆ, ಕುಡುಗೋಲಿನ ತುಂಡುಗಳೂ ಚರಿತ್ರೆಯವರಿಗೆ ಬೇಕಾದವುಗಳೇ. ಚಿನ್ನವನ್ನು ಹಿಂದಿರುಗಿಸಬಹುದು; ಕಲಕಿದ ಪದರವನ್ನು ಹಿಂದಿರುಗಿಸಲು ಯಾವ ಪ್ರಾಯಶ್ಚಿತ್ತದಿಂದಲೂ ಆಗುವುದಿಲ್ಲ.

ಯಂತ್ರವೇ ಪಾಪವೆಂಬುದೂ ಸರಿಯಲ್ಲ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸ್‌ನೆ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ಸ್ನೇಹಿತನಾದ ರೈತನ ಕಳೆದುಹೋದ ಸುತ್ತಿಗೆಯನ್ನು ಹುಡುಕಲು ಯಂತ್ರ ಹಿಡಿದು ಹೊರಟರು. ಸಿಕ್ಕಿದುದು ರೋಮನ್ ಕಾಲದ ಸುಮಾರು ಹದಿನೈದು ಸಾವಿರ ನಾಣ್ಯಗಳ ನಿಧಿ. ಸ್ವಲ್ಪ ತೆಗೆದೊಡನೆ ಅವರು ಕೈನಿಲ್ಲಿಸಿ ತಿಳಿಸಿದರು. ಉಳಿದುದನ್ನು ತಜ್ಞರು ಪದರ ಕೆಡದಂತೆ ಎತ್ತಿದರು. ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು. 1997ರಲ್ಲಿ ಆ ದೇಶವು ಸಿಕ್ಕ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲಿಸುವ ಯೋಜನೆಯನ್ನು ಆರಂಭಿಸಿ ಇದುವರೆಗೆ ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳನ್ನು ದಾಖಲಿಸಿದೆ. ನಮ್ಮ ರೈತನಿಗೆ ಕಚೇರಿಯ ಭಯವೇ ಹೆಚ್ಚು. ಈ ದೂರು ನ್ಯಾಯವಾದುದು. ಆದರೆ ತಾನು ತೆಗೆಯದಿದ್ದರೆ ಜೆಸಿಬಿ ತೆಗೆಯುತ್ತದೆ, ಮರಳುಗಳ್ಳರು ತೆಗೆಯುತ್ತಾರೆ ಎಂಬ ವಾದದಿಂದ ಅದತ್ತವು ದತ್ತವಾಗುವುದಿಲ್ಲ.

ನಂಜನಗೂಡಿನಲ್ಲಿ ಭಕ್ತರು ಕಪಿಲೆಗೆ ಎಸೆಯುವ ಕಾಸಿನ ಪ್ರಶ್ನೆ ಬೇರೆ. ಎಸೆದವನು ಅದರ ಒಡೆತನವನ್ನು ತಾನೇ ಬಿಟ್ಟಿದ್ದಾನೆ. ನದೀತೀರಗಳಲ್ಲಿ ಬಡ ಹುಡುಗರು ದಾರಕ್ಕೆ ಅಯಸ್ಕಾಂತ ಕಟ್ಟಿ ಅಂಥ ಕಾಸುಗಳನ್ನು ಎತ್ತುವುದನ್ನು ಸ್ತೇಯವೆನ್ನುವುದು ಕಾಠಿಣ್ಯವಾದೀತು. ಅಯಸ್ಕಾಂತಕ್ಕೆ ಹತ್ತುವುದು ಇತ್ತೀಚಿನ ಉಕ್ಕಿನ ನಾಣ್ಯ ಮಾತ್ರ. ಹಳೆಯ ಬೆಳ್ಳಿ ತಾಮ್ರಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಆದರೆ ಸ್ನಾನಘಟ್ಟದಲ್ಲಿ ಜಾರಿದ ಓಲೆ ಬೇರೆ; ಅದು ಬಿದ್ದದ್ದು, ಅದರ ಒಡತಿ ದಡದಲ್ಲಿ ಅಳುತ್ತಿರಬಹುದು. ಯಂತ್ರಕ್ಕೆ ನಿರ್ದೋಷವಾದ ಕೆಲಸ ಅಲ್ಲಿದೆ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯವೊಂದರ ಮೇಲೆ ಕನ್ನಡ ಅಕ್ಷರಗಳಲ್ಲಿ ತಳಕಾಡುಗೊಂಡನೆಂಬ ಬಿರುದಿದೆ. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಅವನಿಗೆ ಗೆದ್ದುಕೊಟ್ಟವನು ಪರಮಜೈನನಾದ ದಂಡನಾಯಕ ಗಂಗರಾಜ. ಗೆದ್ದ ಊರಿನಲ್ಲಿ ಸೇನಾಪತಿಯ ಕೈ ತಡೆಯುವವರಾರು? ಆದರೂ ಶಾಸನಗಳು ಹೇಳುವಂತೆ, ಬೇಕಾದುದನ್ನು ಬೇಡೆಂದು ಅರಸನು ಅಂದಾಗ ಅವನು ಗ್ರಾಮವನ್ನು ಬೇಡಿ ಪಡೆದು ಜಿನಧರ್ಮಕ್ಕೆ ದತ್ತಿಬಿಟ್ಟನು. ಬೇಡಿದ್ದು, ಕೊಟ್ಟದ್ದು, ಮತ್ತೆ ಕೊಟ್ಟದ್ದು, ಎಲ್ಲವೂ ಕಲ್ಲಿನಲ್ಲಿ ಬರೆದಿದೆ.

ವ್ಯಾಪಾರಿ ಶ್ರಾವಕರಿಗೆ ಈ ಪ್ರಶ್ನೆ ಯಂತ್ರದ ರೂಪದಲ್ಲಿ ಬರುವುದು ವಿರಳ; ಅದು ಅಂಗಡಿಯ ಮೆಟ್ಟಿಲೇರಿ, ವಸ್ತ್ರದ ಚೂರಿನಲ್ಲಿ ಸುತ್ತಿಕೊಂಡು ಬರುತ್ತದೆ. ಒರೆಗಲ್ಲಿಗೆ ಉಜ್ಜಿ, ತೂಗಿ, ಅಂದಿನ ದರ ಕೊಟ್ಟು, ಸಂಜೆಗೆ ಕರಗಿಸಿದರೆ ಯಾರೂ ಕೇಳುವವರಿಲ್ಲ. ಆಚಾರ್ಯರು ಅಚೌರ್ಯದ ಐದು ಅತಿಚಾರಗಳಲ್ಲಿ ಎರಡನೆಯದಾಗಿ ಎಣಿಸಿದ ತದಾಹೃತಾದಾನ ಇದೇ. ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವೂ ಅದರ ಬೆನ್ನಿಗಿದೆ. ಎಲ್ಲಿ ಸಿಕ್ಕಿತೆಂದು ಕೇಳದೆ ಕೊಳ್ಳದಿರುವುದು ಅಂಗಡಿಯವನು ಮಾಡಬಹುದಾದ ಮೊದಲ ಕೆಲಸ. ಎರಡನೆಯದು ಸ್ವಲ್ಪ ಸಮಯ ಬೇಡುವಂಥದು: ತಂದವನು ನಿಜವಾದ ರೈತನಾದರೆ, ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕದೆ ಮಣ್ಣಿನೊಡನೆಯೇ ಇಡುವಂತೆ ಹೇಳಿ, ಸಿಕ್ಕಿದ ಸರ್ವೆ ನಂಬರನ್ನೂ ಆಳವನ್ನೂ ಬರೆದುಕೊಂಡು, ಅವನಿಗೆ ಅರ್ಜಿ ಬರೆದುಕೊಟ್ಟು, ತಹಸೀಲ್ದಾರರ ಕಚೇರಿಯವರೆಗೆ ಜೊತೆಯಲ್ಲಿ ಹೋಗಿ, ನಾಣ್ಯಗಳ ಸಂಖ್ಯೆಯನ್ನೂ ತೂಕವನ್ನೂ ನಮೂದಿಸಿದ ರಸೀತಿಯನ್ನು ಅವನ ಕೈಗೆ ಕೊಡಿಸಿ ಬರುವುದು.