ಧೂಳನ್ನು ಎಸೆಯುವ ಮುನ್ನ

2012ರ ಆಗಸ್ಟ್‌ನಲ್ಲಿ ಮಂಗಳದ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್‌ನಲ್ಲಿ ಕೆಮ್‌ಕ್ಯಾಮ್ ಎಂಬ ಉಪಕರಣವಿದೆ. ಸುಮಾರು ಏಳು ಮೀಟರ್ ದೂರದವರೆಗಿನ ಕಲ್ಲಿಗೆ ಅದು ಲೇಸರ್ ಹೊಡೆಯುತ್ತದೆ. ಚುಕ್ಕಿಯಷ್ಟು ಜಾಗ ಆವಿಯಾಗಿ ಹೊಳೆಯುತ್ತದೆ. ಆ ಬೆಳಕಿನ ರೋಹಿತದಲ್ಲಿ ಪ್ರತಿಯೊಂದು ಧಾತುವೂ ತನ್ನದೇ ಗೆರೆಗಳನ್ನು ಬಿಟ್ಟಿರುತ್ತದೆ. ಒಂದು ಬಿಂದುವಿಗೆ ಸಾಮಾನ್ಯವಾಗಿ 30 ಹೊಡೆತ. ಸರಾಸರಿ ತೆಗೆಯುವಾಗ ಮೊದಲ ಐದನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಅವು ಕಲ್ಲಿಗಿಂತ ಹೆಚ್ಚಾಗಿ ಅದರ ಮೇಲೆ ಕೂತ ಧೂಳಿನ ಬಗ್ಗೆ ಹೇಳುತ್ತವೆ.

ಕಲ್ಲನ್ನು ಅರಿಯಬೇಕಾದವರಿಗೆ ಇದು ಸರಿಯೇ. ಆದರೆ ಆಗಸ್ಟ್ 19ರಂದು ‘ಕೊರೊನೇಶನ್’ ಎಂಬ ಮೊದಲ ಕಲ್ಲಿಗೆ ಹೊಡೆದಾಗ, ಮೊದಲ ಹೊಡೆತದಲ್ಲಿ ಕಂಡ ಹೈಡ್ರೋಜನ್ ಮುಂದಿನವುಗಳಲ್ಲಿ ಕಾಣಲಿಲ್ಲ. ಅಂದರೆ ಅದು ಇದ್ದದ್ದು ಧೂಳಿನಲ್ಲಿ. ಮಂಗಳದ ಧೂಳು ನೀರಿನಂಶವನ್ನು ಹಿಡಿದಿಟ್ಟುಕೊಂಡಿದೆ ಎಂಬ ತಿಳಿವಳಿಕೆಗೆ ಇಂಥ ಹೊಡೆತಗಳೇ ಆಧಾರವಾದವು. ಒಂದು ಪ್ರಶ್ನೆಗೆ ಕಸವಾದದ್ದು ಇನ್ನೊಂದಕ್ಕೆ ಉತ್ತರವಾಯಿತು.

ಹಾಗಾದರೆ ದತ್ತಾಂಶವನ್ನು ಕೈಬಿಡುವುದು ತಪ್ಪೇ? ಅಲ್ಲ. ಮೊರದಲ್ಲಿ ಕೇರದೆ ಕಾಳು ಸಿಗದು. ಏನನ್ನೂ ಬಿಡದವನಿಗೆ ಸರಾಸರಿಯೂ ಸಿಗದು. ಆದರೆ ಕೇರುವವನಿಗೆ ಎರಡು ಹೊಣೆಗಳಿವೆ. ಏನನ್ನು, ಯಾಕೆ ಬಿಟ್ಟೆ ಎಂದು ಹೇಳುವುದು ಒಂದು. ಬಿಟ್ಟದ್ದನ್ನು ಬೇರೊಬ್ಬರ ಕೈಗೆ ಸಿಗುವಂತೆ ಇಡುವುದು ಇನ್ನೊಂದು. ಕೆಮ್‌ಕ್ಯಾಮ್‌ನ ದತ್ತಾಂಶವನ್ನು ನಾಸಾ ಸಾರ್ವಜನಿಕ ಸಂಗ್ರಹದಲ್ಲಿ ಇಟ್ಟಿರುವುದರಿಂದ ಈ ಎರಡನೆಯದು ಅಲ್ಲಿ ಸಾಧ್ಯವಾಗಿದೆ.

ಇದಕ್ಕಿಂತ ಕಠಿಣವಾದ ಹೊಣೆ ಮತ್ತೊಂದಿದೆ. ಗೆರೆಗಳಿಂದ ಶೇಕಡಾವಾರು ಪ್ರಮಾಣ ಕಂಡುಹಿಡಿಯಲು ಭೂಮಿಯ ಪ್ರಯೋಗಾಲಯದಲ್ಲಿ ಅಳೆದ ನಾನೂರಕ್ಕೂ ಹೆಚ್ಚು ಮಾದರಿಗಳನ್ನು ತೋರಿಸಿ ಒಂದು ಸಂಖ್ಯಾಶಾಸ್ತ್ರೀಯ ಸೂತ್ರವನ್ನು ಪಳಗಿಸುತ್ತಾರೆ. ಮಂಗಳದ ಕಲ್ಲೊಂದು ಆ ಯಾವುದನ್ನೂ ಹೋಲದಿದ್ದರೂ ಸೂತ್ರ ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ. ‘ಗೊತ್ತಿಲ್ಲ’ ಎನ್ನಲು ಅದಕ್ಕೆ ತಾನಾಗಿ ಬಾರದು; ಹೇಳಬೇಕಾದವನು ಸಂಶೋಧಕ. ಭೂಮಿಯ ಕಲ್ಲಾದರೆ ಅನುಮಾನ ಬಂದವರು ಅದನ್ನು ಇನ್ನೊಂದು ಪ್ರಯೋಗಾಲಯಕ್ಕೆ ಒಯ್ಯಬಹುದು. ಮಂಗಳದ ಆ ಕಲ್ಲಿನ ಬಳಿಗೆ ಯಾರೂ ಹೋಗಲಾರರು. ಪರೀಕ್ಷೆ ಇಲ್ಲದ ಕಡೆ ಅದರ ಭಾರವನ್ನೆಲ್ಲ ಪ್ರಾಮಾಣಿಕತೆಯೇ ಹೊರಬೇಕು. ಸಂಖ್ಯೆಯ ಪಕ್ಕದ ಅನಿಶ್ಚಿತತೆಯ ಅಂಕಿ ಬರೀ ಶಿಷ್ಟಾಚಾರವಲ್ಲ, ಓದುಗರಿಗೆ ಕೊಟ್ಟ ಮಾತು.

‘ಕಾಣಲಿಲ್ಲ’ ಮತ್ತು ‘ಇಲ್ಲ’ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಕಾಯುವುದೂ ಇದೇ ಪ್ರಾಮಾಣಿಕತೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿ ಬೆಂಗಳೂರಿನಲ್ಲಿ ತಯಾರಾದ, ಇದೇ ಬಗೆಯ ಲೇಸರ್ ಉಪಕರಣವಿತ್ತು. ಚಂದ್ರನ ದಕ್ಷಿಣ ಧ್ರುವದ ಸಮೀಪ ಗಂಧಕ ಇರುವುದು ಖಚಿತವಾಗಿದೆ ಎಂದು 2023ರ ಆಗಸ್ಟ್ ಕೊನೆಯಲ್ಲಿ ಇಸ್ರೊ ಪ್ರಕಟಿಸಿತು. ಹೈಡ್ರೋಜನ್‌ಗಾಗಿ ಹುಡುಕಾಟ ನಡೆದಿದೆ ಎಂದೂ ಸೇರಿಸಿತು. ನಾವು ಸಂಭ್ರಮಿಸಿದ್ದು ಮೊದಲ ವಾಕ್ಯವನ್ನು. ಅದನ್ನು ನಂಬಬಹುದು ಎಂಬ ಧೈರ್ಯ ಕೊಡುವುದು ಎರಡನೆಯದು.