ಎರವಿನ ವಿಷ, ನಿಜದ ವರ್ಣ

ಇದ್ದುದೆಲ್ಲವನ್ನೂ ಅನ್ಯರಿಂದಲೇ ಪಡೆದ ಜೀವಕ್ಕೆ ತನ್ನದೇ ಆದ ಸ್ವರೂಪವೊಂದು ಉಂಟೆ ಎಂಬ ಪ್ರಶ್ನೆ, ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಗೆ ಹೊಸದಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರು, ಗುರುಗಳಾದ ವಿಜಯದಾಸರ ಅಪ್ಪಣೆಯನ್ನು ಶಿರಸಾವಹಿಸಿ, ವ್ಯಾಧಿಯಿಂದ ಬಳಲಿ ಬಂದ ಮಾನವಿಯ ಪಂಡಿತರೊಬ್ಬರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ, ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಆಯುಷ್ಯವೇ ಎರವು, ಆದರೂ ಆ ಭಾಮಿನಿ ಷಟ್ಪದಿಗಳ ಬನಿಯನ್ನು ಮತ್ತೊಬ್ಬರದೆನ್ನಲು ಯಾರಿಗೆ ಬಾಯಿ ಬಂದೀತು?

ಇದೇ ಪ್ರಶ್ನೆ, ಈ ಬಯಲುಸೀಮೆಗೆ ಬಹುದೂರವಾದ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಒಂದು ಅಲ್ಪಪ್ರಾಣಿಯ ರೂಪದಲ್ಲಿ ತೆವಳುತ್ತಿದೆ. 1801ರಲ್ಲಿ ಲಾಮಾರ್ಕನು ವರ್ಣಿಸಿದ ಫಿಲಿಡಿಯಾ ವೇರಿಕೋಸಾ ಶಂಖದ ದೂರದ ದಾಯಾದಿ, ಚಿಪ್ಪಿಲ್ಲದ ಕಡಲ ಹುಳು. ಕರಿಯ ಮೈಯುದ್ದಕ್ಕೂ ನಸುನೀಲಿಯ ಏಣುಗಳು. ಏಣುಗಳ ಮೇಲೆ ಸಾಲುಗಟ್ಟಿದ ಗಂಟುಗಳು. ಒಂದೊಂದು ಗಂಟಿನ ತುದಿಗೂ ಅಪ್ಪಟ ಅರಿಸಿನದ ಬಣ್ಣ. ಹಲ್ಲೂ ಇಲ್ಲದ ಈ ಪ್ರಾಣಿ ಸ್ಪಂಜುಗಳನ್ನು ಹೀರಿ ಬದುಕುತ್ತದೆ. ಇದರ ಲೋಳೆಯು ಮೀನುಗಳನ್ನು ಕೊಲ್ಲಬಲ್ಲುದೆಂಬುದು 1963ರಲ್ಲಿ ಪ್ರಕಟವಾಯಿತು. ಆ ವಿಷವು ಇದರದಲ್ಲ, ತಿಂದ ಸ್ಪಂಜಿನದೆಂಬುದನ್ನು 1975ರಲ್ಲಿ ಹವಾಯಿಯ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟರು.

ವಿಷ ಎರವಾದರೂ ಏಣು ಗಂಟುಗಳ ಆ ವಿನ್ಯಾಸ ಯಾವ ಸ್ಪಂಜಿನಲ್ಲಿಯೂ ಇಲ್ಲ. ಬಣ್ಣವು ಶತ್ರುಗಳಿಗೆ ಎಚ್ಚರಿಕೆ ಎಂಬ ಜೀವಶಾಸ್ತ್ರದ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಈ ಪ್ರಾಣಿಯ ಅಂಗಾಲಿನ ನಟ್ಟನಡುವೆಯೂ, ಸದಾ ಬಂಡೆಗೆ ಒತ್ತಿಕೊಂಡು ಯಾವ ಶತ್ರುವಿಗೂ ಗೋಚರಿಸದಂತೆ, ಒಂದು ಕಪ್ಪು ಗೆರೆಯಿದೆ. ಬೆಳಕು ಕತ್ತಲೆಗಳಿಗಿಂತ ಹೆಚ್ಚೇನನ್ನೂ ಅರಿಯದ ಕಣ್ಣುಳ್ಳ ಈ ಪ್ರಾಣಿ ತಾನೂ ಆ ಗೆರೆಯನ್ನು ಕಾಣದು. ತಜ್ಞರಿಗಾದರೋ ಈ ಜಾತಿಯನ್ನು ಅದರ ಸೋದರಜಾತಿಗಳಿಂದ ಬೇರ್ಪಡಿಸುವ ಗುರುತುಗಳಲ್ಲಿ ಅದೂ ಒಂದು.

ಹುಳುವೊಂದರಿಂದ ಸಿದ್ಧಾಂತ ಸ್ಥಾಪಿತವಾಗದೆಂಬುದನ್ನು ಬಲ್ಲೆ. ಆದರೂ, ತತ್ತ್ವವನ್ನು ಸ್ವತಂತ್ರ ಪರತಂತ್ರಗಳೆಂದು ವಿಂಗಡಿಸಿ, ಹರಿಯೊಬ್ಬನನ್ನುಳಿದು ಸಕಲವೂ ಪರತಂತ್ರವೆಂದ ಮಧ್ವಾಚಾರ್ಯರು, ಪರತಂತ್ರವಾದುದನ್ನು ಮಿಥ್ಯೆಯೆನ್ನಲು ಸರ್ವಥಾ ಒಪ್ಪದೆ, ಜೀವಜೀವರೊಳಗಣ ಭೇದವನ್ನು ಸತ್ಯವೆಂದು ಸಾರಿದುದರ ಹಿಂದಿನ ಧೈರ್ಯವು, ಮಾನವಿಯ ದಾಸರ ಎರವಿನ ಆಯುಷ್ಯವನ್ನೂ ಈ ಹುಳುವಿನ ಎರವಿನ ವಿಷವನ್ನೂ ಒಟ್ಟಿಗೆ ನೆನೆಯುವಾಗ ನನಗೆ ಹೆಚ್ಚು ಸ್ಪಷ್ಟವಾಗುತ್ತದೆ. ಅಧೀನವಾದುದರಿಂದಲೇ ಜೀವವು ಅಳಿಸಿಹೋಗುತ್ತದೆಂಬ ವಾದವನ್ನು ನಾನಂತೂ ಒಪ್ಪಲಾರೆ.