ಋಣವೂ ವಕೀಲನ ಧರ್ಮವೂ

ಪಡೆದ ಸಾಲವನ್ನು ತೀರಿಸಬೇಕೆಂಬುದು ಲೋಕನೀತಿ. ಅಂತಿರಲು, ತೀರಿಸಲಾರದ ಸಂಸಾರಿಯ ಪರವಾಗಿ ವಾದಿಸುವ ವಕೀಲನು ವಚನಭಂಗಕ್ಕೆ ನೆರವಾದಂತಾಗುವುದಿಲ್ಲವೇ?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಈ ಶಂಕೆಗೆ ಉತ್ತರವೀಯುತ್ತದೆ. ಅವಶ್ಯವಾದ ಉಡುಪು, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಸ್ತ್ರೀಯು ತೆಗೆಯಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ಜೀವನಕ್ಕೆ ಬೇಕಾದಷ್ಟು ಒಕ್ಕಲಿಗನ ದನ ಮತ್ತು ಬಿತ್ತನೆಯ ಕಾಳು, ಇವನ್ನು ಡಿಕ್ರಿಯ ಹಣಕ್ಕಾಗಿ ಜಫ್ತಿಮಾಡಲಾಗದು. ಬಿತ್ತುವ ಕಾಳನ್ನೇ ಕೊಂಡೊಯ್ದರೆ ಸಾಲವು ಯಾವ ಹೊಲದಿಂದ ತೀರೀತು?

ಆದರೆ ಇದ್ದುದನ್ನು ಬಚ್ಚಿಟ್ಟು ಇಲ್ಲವೆನ್ನುವವನಿಗೆ ಈ ರಕ್ಷೆಯನ್ನು ಬೇಡುವುದು ಅಧರ್ಮವೇ ಸರಿ. ಆದುದರಿಂದ ವಕೀಲನು ಕಕ್ಷಿಗಾರನಿಂದ ಮೊದಲು ನಿಜವಾದ ಲೆಕ್ಕವನ್ನು ಕೇಳಬೇಕು. ಕಾನೂನಿನ ಪುಸ್ತಕವನ್ನು ಆಮೇಲೆ ತೆರೆಯಬೇಕು. ಋಣಿಯನ್ನು ದುಡಿದು ತೀರಿಸುವ ಶಕ್ತಿಯುಳ್ಳವನನ್ನಾಗಿ ಉಳಿಸಿದ ವಕೀಲನು ಸಾಲ ಕೊಟ್ಟವನಿಗೂ ಉಪಕಾರಿಯೇ ಆಗುತ್ತಾನೆ.